ಜಂಪರ್ ಮಷಿನ್ ಮೇಲೆ ಕರಡಿ

ಧಾರವಾಡದಲ್ಲಿ ಜಂಪರ್, ಅಂದರೆ ರವಿಕೆ, ಹೊಲಿಯುವುದು ನನ್ನ ಕಸುಬು. ಆಷಾಢದಲ್ಲಿ ಲಗ್ನ ಇರುವುದಿಲ್ಲ, ಮಷಿನ್ ಸುಮ್ಮನೆ ಕೂತಿರುತ್ತದೆ. ಟೆಡ್ಡಿ ಕರಡಿ ಹೊಲಿಯಲು ಹಿಡಿದದ್ದು ಆ ಬಿಡುವಿನಲ್ಲೇ. ಪೇಪರ್ ಕಟಿಂಗ್ ಬಲ್ಲವರಿಗೆ ಪ್ಯಾಟರ್ನ್, ಅಂದರೆ ತುಂಡುಗಳ ಕಾಗದದ ನಮೂನೆ, ಓದುವುದು ಕಷ್ಟವಲ್ಲ. ಪಳಗಿಸಬೇಕಾದದ್ದು ಫರ್ ಬಟ್ಟೆಯನ್ನು.

ಫರ್‌ಗೆ ಒಂದು ದಿಕ್ಕಿರುತ್ತದೆ. ಅಂಗೈಯಿಂದ ಸವರಿದರೆ ಒಂದು ಕಡೆ ಮಲಗುತ್ತದೆ, ಇನ್ನೊಂದು ಕಡೆ ಎದ್ದು ನಿಲ್ಲುತ್ತದೆ. ಪ್ಯಾಟರ್ನ್ ಮೇಲಿನ ಬಾಣದ ಗುರುತು ಅದಕ್ಕೇ. ಎರಡು ಪದರ ಮಡಚಿ ಕತ್ತರಿಸುವ ನಮ್ಮ ರೂಢಿ ಇಲ್ಲಿ ನಡೆಯದು. ಉಲ್ಟಾ ಬದಿಗೆ ಚಾಕ್‌ನಿಂದ ಎಡದ ತುಂಡು ಬರೆದುಕೊಂಡು, ಪ್ಯಾಟರ್ನ್ ಮಗುಚಿಹಾಕಿ ಬಲದ್ದು ಬರೆಯಬೇಕು. ಸಣ್ಣ ಕತ್ತರಿಯ ತುದಿ ನೇಯ್ಗೆಗಷ್ಟೇ ತಾಗಬೇಕು, ರೋಮಕ್ಕಲ್ಲ. ರೋಮ ತುಂಡಾದರೆ ಹೊಲಿಗೆಯ ಗೆರೆ ಬೋಳಾಗಿ ಕಾಣುತ್ತದೆ. ಫ್ಯಾನ್ ಬಂದ್ ಮಾಡಿಯೇ ಕೂಡಿರಿ, ಇಲ್ಲವಾದರೆ ರಾತ್ರಿ ಸಾರಿನಲ್ಲೂ ರೋಮ ಸಿಗುತ್ತದೆ!

ಹೊಲಿಗೆಯ ಆಚೆ ಅಂಚಿಗೆ 6 ಮಿ.ಮೀ. ಬಿಟ್ಟರೆ ಸಾಕು. ಫರ್ ಜಾರುತ್ತದೆ, ಗುಂಡುಸೂಜಿಯನ್ನು ನಂಬುವಂತಿಲ್ಲ. ರೋಮವನ್ನು ಒಳಗೆ ತಳ್ಳುತ್ತ ಕೈಯಿಂದ ಕಚ್ಚಾ ಟಾಕಿ (ತಾತ್ಕಾಲಿಕ ಹೊಲಿಗೆ) ಹಾಕಿ, ಆಮೇಲೆ ಮಷಿನ್‌ಗೆ ಕೊಡುತ್ತೇನೆ. ಒಳಬದಿ ಹೊರಬದಿ ತಿರುಗಿಸಿ ಸವಳಿ ಮಾಡಿದ ಮೇಲೆ ಹೊಲಿಗೆಯಲ್ಲಿ ಸಿಕ್ಕಿಕೊಂಡ ರೋಮವನ್ನು ಸೂಜಿಯಿಂದ ಎಬ್ಬಿಸಿದರೆ ಜೋಡಣೆ ಎಲ್ಲಿದೆ ಎಂದು ನನಗೂ ಗೊತ್ತಾಗುವುದಿಲ್ಲ.

ಕೈಕಾಲು, ಹೊಟ್ಟೆ ಯಾರಾದರೂ ಹೊಲಿದಾರು. ಕರಡಿ ಕರಡಿಯಾಗುವುದು ತಲೆಯಲ್ಲಿ. ತಲೆಗೆ ಮೂರು ತುಂಡು: ಎರಡು ಕೆನ್ನೆ, ನಡುವೆ ಮೂಗಿನಿಂದ ಹಿಂಗುತ್ತಿಗೆವರೆಗೆ ಹೋಗುವ ನಡುಪಟ್ಟಿ. ಮೊದಲು ಗದ್ದದ ಹೊಲಿಗೆ ಮುಗಿಸಿ, ಪಟ್ಟಿಯ ಮೂಗಿನ ತುದಿಯನ್ನು ಅದರ ನೇರಕ್ಕೆ ಕೂಡಿಸಿ, ಅಲ್ಲಿಂದ ಒಂದೊಂದೇ ಬದಿ ಹಿಂದಕ್ಕೆ ಹೊಲಿಯಬೇಕು. ಕುತ್ತಿಗೆಯಿಂದ ಶುರುಮಾಡಿದರೆ ಮೂಗು ಸೊಟ್ಟಗಾಗುವ ಸಾಧ್ಯತೆಯೇ ಹೆಚ್ಚು. ಪಟ್ಟಿ ಹಣೆಯ ಹತ್ತಿರ ಅಗಲವಾದಷ್ಟೂ ಮುಖ ಕೂಸಿನದು, ಕಿರಿದಾದಷ್ಟೂ ಹಿರಿಯರದು.

ನಮ್ಮತ್ತಿ ನೋಡಿ, "ಕರಡಿಗೆ ಇಷ್ಟು ಮೊಂಡ ಮೂತಿ ಎಲ್ಲಿರ್ತದವಾ? ದರೋಜಿ ಕರಡಿಧಾಮಕ್ಕೆ ಹೋದಾಗ ನೋಡಿಲ್ಲೇನು?" ಅಂದರು. ಮಾತು ಖರೆ. ನಮ್ಮ ಕರಡಿಯ ಮೂತಿ ಉದ್ದ, ಮೈ ಕಪ್ಪು, ಎದೆ ಮೇಲೆ ಬಿಳಿ ಪಟ್ಟೆ ಇಂಗ್ಲಿಷಿನ 'ವಿ' ಆಕಾರದಲ್ಲಿ. ಎರಡೂ ಕೆನ್ನೆಯ ಮೂತಿಯನ್ನು ಅರ್ಧ ಇಂಚು ಉದ್ದ ಮಾಡಿ, ನಡುಪಟ್ಟಿಗೂ ಅಷ್ಟೇ ಕೂಡಿಸಿದೆ. ಮೂತಿಗೆ ಮಾಸಲು ಬಿಳಿ ಬಟ್ಟೆ, ಮೈಗೆ ಉದ್ದ ರೋಮದ ಕಪ್ಪು ಫರ್. ಈಗ ನನ್ನ ಹತ್ತಿರ ಹೆಚ್ಚು ಕೇಳುವುದು ಇದನ್ನೇ. ಅಂಗೈ ಅಂಗಾಲಿಗೆ ಜಂಪರ್‌ನಲ್ಲಿ ಉಳಿದ ಗುಳೇದಗುಡ್ಡದ ಖಣ. ಖಣದ ಅಂಚು ಎಳೆ ಬಿಡುತ್ತದೆ, ಹಿಂದೆ ಕ್ಯಾನ್ವಾಸ್ ಅಂಟಿಸಿ ಇಸ್ತ್ರಿ ಮಾಡಿಯೇ ಕತ್ತರಿಸಬೇಕು.

ತುಂಬುವುದಕ್ಕೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಕು. ಜರ್ಮನಿಯ ಸ್ಟೈಫ್ ಕಂಪನಿ 1902ರಲ್ಲಿ ಮಾಡಿದ, ಕೈಕಾಲು ತಿರುಗುವ ಕರಡಿಗಳ ಕಾಲದಲ್ಲಿ ಕಟ್ಟಿಗೆಯ ಸಣ್ಣ ಎಳೆಗಳನ್ನು ತುರುಕುತ್ತಿದ್ದರು. ನಮ್ಮ ಕಡೆ ಗಾದಿಯ ಅರಳೆ ಸಲೀಸಾಗಿ ಸಿಗುತ್ತದೆ ನಿಜ, ಆದರೆ ಅದು ಗಂಟುಗಟ್ಟುತ್ತದೆ, ತೊಳೆದರೆ ಬೇಗ ಒಣಗುವುದಿಲ್ಲ. ನಾನು ಪಾಲಿಯೆಸ್ಟರ್ ಫೈಬರ್ ಹಾಕುತ್ತೇನೆ. ಚಿಟಿಕೆ ಚಿಟಿಕೆಯಾಗಿ ಬಿಡಿಸಿ, ಮೊದಲು ಮೂತಿಯ ತುದಿಗೆ, ಪೆನ್ಸಿಲ್‌ನ ಮೊಂಡ ತುದಿಯಿಂದ ಒತ್ತಿ. ಮೂತಿ ಒತ್ತಿದರೆ ಹೆಬ್ಬೆರಳು ಇಳಿಯಬಾರದು. ಮೆತ್ತಗಿದ್ದರೆ ಮೂಗಿನ ಕಸೂತಿಯ ದಾರ ಎಳೆದಾಗ ಮುಖವೇ ಒಳಗೆ ಹೋಗುತ್ತದೆ. ಹೊಟ್ಟೆ ಮೆತ್ತಗಿದ್ದರೆ ನಡೆಯುತ್ತದೆ, ಮಕ್ಕಳು ಅಪ್ಪುವುದು ಅದನ್ನೇ.

ತಲೆ ತುಂಬುವ ಮೊದಲೇ ಪ್ಲಾಸ್ಟಿಕ್ ಕಣ್ಣನ್ನು ಕೂಡಿಸಿ, ಒಳಗಿನ ವಾಷರ್ ಬಿಗಿಯಾಗಿ ಒತ್ತಬೇಕು. ಮೂರು ವರ್ಷದೊಳಗಿನ ಕೂಸಿಗಾದರೆ ಗುಂಡಿಯೂ ಬೇಡ, ಮಣಿಯೂ ಬೇಡ. ಕಪ್ಪು ದಾರದಲ್ಲಿ ಕಣ್ಣಿನ ಕಸೂತಿ ಮಾಡಿಬಿಡಿ.

ಮಾರುವ ಆಸೆ ಇದ್ದವರು ಇಷ್ಟು ತಿಳಿದಿರಲಿ: 2021ರ ಜನವರಿಯಿಂದ ದೇಶದಲ್ಲಿ ಮಾರುವ ಆಟಿಕೆಗೆ ಐಎಸ್‌ಐ ಮುದ್ರೆ ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಾವೇ ಮಾಡಿ ಮಾರುವುದಕ್ಕೆ ವಿನಾಯಿತಿ ಇದೆ. ನನ್ನ ಅರ್ಜಿ ಇನ್ನೂ ಹೋಗಬೇಕು. ಅಲ್ಲಿಯವರೆಗೆ ಓಣಿಯ ಮಕ್ಕಳಿಗೆ, ಬೀಗರ ಮನೆಯ ತೊಟ್ಟಿಲಿಗೆ ಉಡುಗೊರೆ ಅಷ್ಟೇ.