ಲೀಗಿನ ಹೆಸರು ಬಿಟ್ಟು ಜುಲೈ ತಿಂಗಳು ಎಣಿಸಿದೆ: ಮಗನಿಗೆ ಬೇಸಿಗೆಯ ಬೇಸ್‌ಬಾಲ್ ತಂಡ ಹುಡುಕಿದ ನನ್ನ ಅನುಭವ

ಮೂರನೇ ಬೇಸಿಗೆಗೆ ಸರಿಹೋಯಿತು. ಮೊದಲ ಎರಡನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮಗ ಅಮೆರಿಕದ ಡಿವಿಷನ್ ತ್ರೀ (ಕಾಲೇಜು ಕ್ರೀಡೆಯ ಮೂರನೇ ದರ್ಜೆ) ಕಾಲೇಜಿನ ಎಡಗೈ ಪಿಚರ್, ಅಂದರೆ ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವವನು. ಕಾಲೇಜಿಗೆ ರಜೆ ಇರುವಾಗ ಇಂಥ ಹುಡುಗರು ಬೇಸಿಗೆ ಲೀಗುಗಳ ತಂಡಗಳಲ್ಲಿ ಆಡುತ್ತಾರೆ. ಫಾಸ್ಟ್‌ಬಾಲ್ ಗಂಟೆಗೆ 84 ಮೈಲಿ, ಒಳ್ಳೆ ದಿನ 86. ಆ ಲೀಗುಗಳಲ್ಲೇ ದೊಡ್ಡ ಹೆಸರಿನ ಕೇಪ್ ಕಾಡ್ ನಮಗಲ್ಲ ಅಂತ ಗೊತ್ತಿತ್ತು. ಆದರೂ ನನಗೆ ಹೆಸರಿನ ಹುಚ್ಚು. ಹಾಸನದಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬಂದವನು, ದೊಡ್ಡ ಟೂರ್ನಮೆಂಟಿನಲ್ಲಿ ಹನ್ನೆರಡನೆಯವನಾಗಿ ನೀರು ಹೊತ್ತರೂ ಊರಲ್ಲಿ ಹೇಳಿಕೊಳ್ಳಬಹುದು ಅನ್ನುವ ಬುದ್ಧಿ ಇನ್ನೂ ಹೋಗಿಲ್ಲ.

ಮೊದಲ ಬೇಸಿಗೆ ಒಂದು ತಂಡಕ್ಕೆ ಸುಮಾರು 1,500 ಡಾಲರ್ ಫೀಸು ಕಟ್ಟಿದೆ. ಊಟ, ಪೆಟ್ರೋಲು, ಅವನು ಉಳಿದುಕೊಂಡಿದ್ದ ಹೋಸ್ಟ್ ಮನೆಯಲ್ಲಿ ಮುರಿದ ಕಿಟಕಿ ಎಲ್ಲ ಸೇರಿ 2,600 ಆಗಿರಬೇಕು. ಎಸೆದದ್ದು ಏಳೋ ಎಂಟೋ ಇನ್ನಿಂಗ್ಸ್. ಒಂದು ಇನ್ನಿಂಗ್ಸಿಗೆ ಮುನ್ನೂರು ಡಾಲರ್‌ಗಿಂತ ಜಾಸ್ತಿ! ಎರಡನೇ ಬೇಸಿಗೆ ಇನ್ನೂ ಮೇಲಿನ ಲೀಗಿನಲ್ಲಿ ಟೆಂಪ್ ಆಗಿ ಸೇರಿಸಿದೆ. ಟೆಂಪ್ ಅಂದರೆ ಗೊತ್ತಲ್ಲ, ದೊಡ್ಡ ಕಾಲೇಜಿನ ಹುಡುಗರು ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ) ಟೂರ್ನಮೆಂಟ್ ಮುಗಿಸಿ ಬರುವವರೆಗೆ ಜಾಗ ಹಿಡಿದುಕೊಂಡಿರುವ ಕೆಲಸ. ಅವನು ಚೆನ್ನಾಗಿ ಎಸೆದರೆ ಇಟ್ಟುಕೊಳ್ಳುತ್ತಾರೆ ಅಂದುಕೊಂಡಿದ್ದೆ. ಚೆನ್ನಾಗಿಯೇ ಎಸೆದ. ಹನ್ನೆರಡನೇ ದಿನ ಕೈಕುಲುಕಿ ಕಳಿಸಿದರು. ಜೂನ್ ಮಧ್ಯಕ್ಕೆ ಯಾವ ತಂಡವೂ ಇಲ್ಲ, ಉಳಿದ ಬೇಸಿಗೆಯೆಲ್ಲ ನಮ್ಮ ಗ್ಯಾರೇಜಿನಲ್ಲಿ ನೆಟ್ಟಿಗೆ ಎಸೆದ.

ಆ ಗ್ಯಾರೇಜಿನ ಶಬ್ದ ಕೇಳುತ್ತಾ ಕೂತಾಗ ಹೊಳೆದದ್ದು ಇದು. ಲೀಗ್ ಎಷ್ಟು ದೊಡ್ಡದು ಅನ್ನುವುದು ಬಿಟ್ಟು, ಜುಲೈನಲ್ಲಿ ಯಾವ ತಂಡಕ್ಕೆ ಪಿಚರ್‌ಗಳು ಖಾಲಿಯಾಗುತ್ತಾರೆ ಅಂತ ನೋಡಬೇಕು. ದೊಡ್ಡ ಕಾಲೇಜಿನ ಕೋಚ್‌ಗಳು ಹುಡುಗರಿಗೆ ಇನ್ನಿಂಗ್ಸ್ ಲೆಕ್ಕ ಹಾಕಿ ಕಳಿಸಿರುತ್ತಾರೆ, ಅದು ಮುಗಿದರೆ ಅವರು ಮನೆಗೆ. ವೃತ್ತಿಪರ ತಂಡಗಳು ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್ ಬೇರೆ 2021ರಿಂದ ಜುಲೈಗೆ ಬಂದಿದೆ. ಹಾಗಾಗಿ ಎರಡು ವರ್ಷದ ಬಾಕ್ಸ್ ಸ್ಕೋರ್ (ಪಂದ್ಯಗಳ ಅಂಕಪಟ್ಟಿ) ತೆಗೆದು ಕೂತೆ. ಒಂದೊಂದು ತಂಡಕ್ಕೂ ಎರಡೇ ಲೆಕ್ಕ: ಜುಲೈ ಶುರುವಾದ ಮೇಲೆ ಹೊಸದಾಗಿ ಬಂದ ಪಿಚರ್‌ಗಳು ಎಷ್ಟು, ಡಿವಿಷನ್ ತ್ರೀ ಹುಡುಗರಿಗೆ ಸಿಕ್ಕ ಇನ್ನಿಂಗ್ಸ್ ಎಷ್ಟು. ಚಳಿಗಾಲದ ಎಂಟು ಹತ್ತು ರಾತ್ರಿ ಹೋಯಿತು. ಮೂವತ್ತಕ್ಕೂ ಹೆಚ್ಚು ತಂಡಗಳಲ್ಲಿ ಉಳಿದದ್ದು ಹದಿನಾಲ್ಕು.

ಗೆಳೆಯನೊಬ್ಬ ನಕ್ಕ. "ಎಕ್ಸೆಲ್ ಹಾಕಿದ್ರೆ ತಂಡ ಸಿಗತ್ತೇನೋ? ಕೋಚ್ ಹೇಳಿದ ಕಡೆ ಸುಮ್ನೆ ಕಳಿಸು ಮಾರಾಯ." ಹೆಂಡತಿಯೂ ಅವನ ಕಡೆಗೇ.

ಒಂದು ಎಡವಟ್ಟು ಮಾಡಿದೆ. ಕಾಲೇಜಿನ ಕೋಚ್‌ಗೆ ಹೇಳದೆ ಮೊದಲ ಮೂರು ಮೇಲ್ ಕಳಿಸಿಬಿಟ್ಟೆ, ಅದೂ ನನ್ನ ಹೆಸರಲ್ಲಿ. ಯಾರೂ ಉತ್ತರಿಸಲಿಲ್ಲ, ಕೋಚ್‌ಗೆ ಗೊತ್ತಾಗಿ ಮಗನಿಗೆ ಬೈಗುಳ. ಆಮೇಲೆ ಕೋಚ್ ಒಪ್ಪಿದ ಮೇಲೆ ಮಗನೇ ಬರೆದ. ಅದರಲ್ಲಿ ಮುಖ್ಯವಾದ ಮಾತು, ಕೊನೆಯ ಪಂದ್ಯದವರೆಗೂ ಇರುತ್ತೇನೆ ಅನ್ನುವುದು. ಮೇಲ್‌ನ ತಲೆಬರಹಕ್ಕೆ ಏನು ಹಾಕಿದ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ವಿಡಿಯೋದಲ್ಲೂ ಒಂದು ಪ್ರಯೋಗ ನಡೆಯಿತು. ಹಾಡು ಹಾಕಿ, ಸ್ಲೋ ಮೋಷನ್ ಮಾಡಿ, ಮಗಳು ಎಡಿಟ್ ಮಾಡಿಕೊಟ್ಟದ್ದು ಒಂದು. ಕ್ಯಾಚರ್ ಹಿಂದಿನಿಂದ, ಪಕ್ಕದಲ್ಲಿ ವೇಗ ತೋರಿಸುವ ರೇಡಾರ್ ಸಂಖ್ಯೆ ಕಾಣುವ ಹಾಗೆ ನಾನು ಫೋನ್ ಹಿಡಿದು ತೆಗೆದ ಒಂದೂವರೆ ನಿಮಿಷದ್ದು ಇನ್ನೊಂದು. ಬಂದ ಐದೂ ಉತ್ತರ ಎರಡನೆಯದಕ್ಕೇ. 84 ಕಂಡರೆ ಬೇಡ ಅಂತಾರೆ ಎಂದು ಹೆದರಿದ್ದೆ. ಮುಚ್ಚಿಟ್ಟರೆ 80 ಅಂದುಕೊಳ್ಳುತ್ತಾರೆ, ಅಷ್ಟೇ.

ಎರಡು ತಂಡ ಕರೆದವು. ವರ್ಜೀನಿಯಾದ ವ್ಯಾಲಿ ಲೀಗಿನದನ್ನು ಹಿಡಿದೆವು. ನ್ಯೂಜೆರ್ಸಿಯಿಂದ 81ನೇ ಇಂಟರ್‌ಸ್ಟೇಟ್ ಹಿಡಿದರೆ ಐದು ಗಂಟೆ ಚಿಲ್ಲರೆ. ಜೂನ್‌ನಲ್ಲಿ ಅವನಿಗೆ ಸಿಕ್ಕದ್ದು ಒಂಬತ್ತೇ ಇನ್ನಿಂಗ್ಸ್, ನನಗೆ ನಿದ್ದೆ ಬರಲಿಲ್ಲ. ಜುಲೈ ಮೊದಲ ವಾರ ಮೂವರು ಪಿಚರ್‌ಗಳು ಗಂಟುಮೂಟೆ ಕಟ್ಟಿದರು. ನಮ್ಮವನು ವಾರಕ್ಕೊಂದು ಪಂದ್ಯದಲ್ಲಿ ಮೊದಲ ಪಿಚರ್ ಆಗಿ ಇಳಿಯತೊಡಗಿದ. ಒಟ್ಟು 38 ಇನ್ನಿಂಗ್ಸ್, ಮರದ ಬ್ಯಾಟಿನೆದುರು, ಡಿವಿಷನ್ ಒನ್ ಹುಡುಗರಿಗೆ. ಖರ್ಚು 900 ಡಾಲರ್ ಒಳಗೆ.

ಬಸ್ಸಿಗೆ ಕಟ್ಟಿಕೊಡುವ ಊಟದಲ್ಲೂ ನಾವು ಕಲಿತೆವು. ಚಿತ್ರಾನ್ನ ರಾತ್ರಿಗೆ ಹಳಸಿತು, ಗೊಜ್ಜವಲಕ್ಕಿ ಎರಡು ದಿನ ತಡೆಯಿತು. ಹೋಸ್ಟ್ ಮನೆಯ ಅಮ್ಮ ಚಟ್ನಿಪುಡಿಯನ್ನು ಆಮ್ಲೆಟ್ ಮೇಲೆ ಉದುರಿಸಿಕೊಂಡು ತಿನ್ನುತ್ತಾರಂತೆ.

ನಕ್ಕ ಗೆಳೆಯ ಹೋದ ವಾರ ಫೋನ್ ಮಾಡಿದ್ದ, ಎಕ್ಸೆಲ್ ಶೀಟು ಕಳಿಸೋ ಅಂತ. ಕಳಿಸಿದೆ. ಮೇಲ್‌ನ ತಲೆಬರಹ ಮಾತ್ರ ಕೊಡಲಿಲ್ಲ. ಅವನ ಮಗನೂ ಎಡಗೈ ಪಿಚರ್.