ಬ್ರಿಟನ್‌ನಲ್ಲಿ ಐವಿಎಫ್ ಮಾಡಿಸಿದರೆ ಗಂಡೋ ಹೆಣ್ಣೋ ಅಂತ ಆರಿಸಬಹುದಾ?

ಆಗಲ್ಲ. "ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಇನ್ನೊಂದು ಗಂಡಾದರೆ ಸಾಕು" ಅಂತ ಇಲ್ಲಿನ ಯಾವ ಕ್ಲಿನಿಕ್‌ನಲ್ಲಿ ಕೇಳಿದರೂ ಇಲ್ಲ ಅಂತಲೇ ಹೇಳಬೇಕು. ದುಡ್ಡು ಜಾಸ್ತಿ ಕೊಟ್ಟರೂ ಅಷ್ಟೇ. ಆದರೆ ಈ ನಿಯಮಕ್ಕೆ ಒಂದು ವಿನಾಯಿತಿ ಇದೆ. ಅದು ನಿಜವಾಗಿ ಬೇಕಾದವರು "ಇಂಥದ್ದೆಲ್ಲ ಕೇಳಿದರೆ ತಪ್ಪಾಗುತ್ತೇನೋ" ಅಂತ ಹೆದರಿ ಸುಮ್ಮನಿದ್ದುಬಿಡಬಹುದು. ಇದನ್ನು ಬರೆದದ್ದು ಮುಖ್ಯವಾಗಿ ಅವರಿಗೆ.

ಮೊದಲು ಕಾನೂನು. ಇಲ್ಲಿ ಐವಿಎಫ್ ಮಾಡುವ ಪ್ರತಿ ಕ್ಲಿನಿಕ್‌ಗೂ ಎಚ್‌ಎಫ್‌ಇಎ ಎಂಬ, ಇಂಥ ಚಿಕಿತ್ಸೆಗಳ ಮೇಲೆ ಕಣ್ಣಿಡುವ ಸಂಸ್ಥೆಯ ಲೈಸೆನ್ಸ್ ಬೇಕು. ಅದು 1990ರ ಕಾಯ್ದೆಯಿಂದ ಹುಟ್ಟಿದ್ದು. 2008ರ ತಿದ್ದುಪಡಿಯಲ್ಲಿ ಲಿಂಗ ಆಯ್ಕೆಯ ನಿಷೇಧ ಕಾಯ್ದೆಯೊಳಗೇ ಸೇರಿತು. ಅದಕ್ಕೂ ಮುಂಚೆ ಎಚ್‌ಎಫ್‌ಇಎಯೇ ಇದಕ್ಕೆ ಒಪ್ಪುತ್ತಿರಲಿಲ್ಲ. 2000ದಲ್ಲಿ ಸ್ಕಾಟ್ಲೆಂಡಿನ ಒಬ್ಬ ಗಂಡ-ಹೆಂಡತಿ ಕೇಳಿ ನೋಡಿದ್ದರು. ಅವರಿಗೆ ನಾಲ್ವರು ಗಂಡುಮಕ್ಕಳು. ಒಬ್ಬಳೇ ಮಗಳು ಬೆಂಕಿ ಅವಘಡದಲ್ಲಿ ತೀರಿಹೋಗಿದ್ದಳು. ಇನ್ನೊಂದು ಹೆಣ್ಣುಮಗು ಬೇಕೆಂಬ ಅವರ ಆಸೆಗೂ ಇಲ್ಲಿ ದಾರಿ ಸಿಗಲಿಲ್ಲ, ಇಟಲಿಗೆ ಹೋಗಬೇಕಾಯಿತು. ಅಂಥವರಿಗೇ ಸಿಗಲಿಲ್ಲ ಅಂದಮೇಲೆ ನಮ್ಮ ವಂಶೋದ್ಧಾರಕನ ವಾದಕ್ಕೆ ಎಲ್ಲಿಯ ಬೆಲೆ?

ಎಂಬ್ರಿಯೋದ, ಅಂದರೆ ಲ್ಯಾಬ್‌ನಲ್ಲಿ ಬೆಳೆಸಿದ ಭ್ರೂಣದ, ಕ್ರೋಮೋಸೋಮ್ ಟೆಸ್ಟ್ ಮಾಡಿದರೆ ಗಂಡೋ ಹೆಣ್ಣೋ ಲ್ಯಾಬ್‌ಗೆ ಗೊತ್ತಾಗುತ್ತದೆ, ನಿಜ. ಆದರೆ ಅದನ್ನು ನೋಡಿಕೊಂಡು ಎಂಬ್ರಿಯೋ ಆರಿಸುವ ಹಾಗಿಲ್ಲ. ಗಂಡಾಗುವ, ಹೆಣ್ಣಾಗುವ ವೀರ್ಯಾಣುಗಳನ್ನು ಮೊದಲೇ ಬೇರ್ಪಡಿಸುವ ಉಪಾಯಕ್ಕೂ ಇದೇ ತಡೆ.

ಈಗ ವಿನಾಯಿತಿ. ಕೆಲವು ಕಾಯಿಲೆಗಳು ತಾಯಿಯಿಂದ ಹೆಚ್ಚಾಗಿ ಗಂಡುಮಕ್ಕಳಿಗೆ ಬರುತ್ತವೆ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ, ಸ್ನಾಯುಗಳು ಕ್ಷೀಣಿಸುವ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಇಂಥವು. ತಾಯಿ ಕ್ಯಾರಿಯರ್ ಆಗಿದ್ದರೆ, ಅಂದರೆ ಆ ಕಾಯಿಲೆಯ ಜೀನ್ ಹೊತ್ತವಳಾಗಿದ್ದರೆ, ಅವಳಿಗೆ ಹುಟ್ಟುವ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಶೇಕಡಾ 50. ಇಂಥ ಮನೆಗಳಿಗೆ ಪಿಜಿಟಿ-ಎಂ ಎಂಬ ಟೆಸ್ಟ್‌ಗೆ ಅವಕಾಶವಿದೆ. ಐವಿಎಫ್‌ನಲ್ಲಿ ಎಂಬ್ರಿಯೋ ಬೆಳೆಸಿ, ಅದರಿಂದ ಕೆಲವೇ ಜೀವಕೋಶ ತೆಗೆದು ನೋಡುತ್ತಾರೆ. ಯಾವ ಯಾವ ಕಾಯಿಲೆಗೆ ಒಪ್ಪಿಗೆ ಇದೆ ಅನ್ನೋದು ಎಚ್‌ಎಫ್‌ಇಎ ವೆಬ್‌ಸೈಟ್‌ನಲ್ಲೇ ಸಿಗುತ್ತದೆ. ಕೆಟ್ಟ ಜೀನ್ ಯಾವುದೆಂದು ಗೊತ್ತಿದ್ದರೆ ಅದನ್ನೇ ನೇರವಾಗಿ ನೋಡುವುದರಿಂದ, ಕಾಯಿಲೆಯಿಲ್ಲದ ಗಂಡು ಎಂಬ್ರಿಯೋವನ್ನೂ ಬಳಸಬಹುದು. ಲಿಂಗ ನೋಡಿ ಆರಿಸುವುದು ಹಾಗೆ ಗೊತ್ತಾಗದಿದ್ದಾಗ.

ದಾರಿ ಶುರುವಾಗುವುದು ನಿಮ್ಮ ಜಿಪಿ, ಅಂದರೆ ನೀವು ಹೆಸರು ನೋಂದಾಯಿಸಿದ ಡಾಕ್ಟರ್ ಹತ್ತಿರ. "ನನ್ನ ಸೋದರಮಾವನಿಗೆ ಹಿಮೋಫಿಲಿಯಾ ಇತ್ತು, ನಾನು ಕ್ಯಾರಿಯರ್ ಆಗಿರಬಹುದಾ?" ಅಂತ ನೇರವಾಗಿ ಕೇಳಿ. ಗಂಡುಮಗುವಿನ ಮಾತೇ ಬೇಡ, ಕಾಯಿಲೆಯ ಹೆಸರು ಹೇಳಿ. ಅವರು ಜೆನೆಟಿಕ್ಸ್ ವಿಭಾಗಕ್ಕೆ ಪತ್ರ ಬರೆಯುತ್ತಾರೆ. ಅಲ್ಲಿ ರಕ್ತಪರೀಕ್ಷೆ, ಆಮೇಲೆ ಪಿಜಿಟಿ-ಎಂ ಮಾಡುವ ಕೇಂದ್ರ. ಲಂಡನ್‌ನ ಗೈಸ್ ಆಸ್ಪತ್ರೆ ಅಂಥದ್ದೊಂದು. ನಮ್ಮವರು ಎಡವುವುದು ಊರಿನ ಕಾಗದಪತ್ರದಲ್ಲಿ. "ರಕ್ತದ ಕಾಯಿಲೆ" ಅಂತ ಬರೆದ ಹಳೆಯ ಚೀಟಿ ಸಾಲದು, ಯಾವ ಜೀನ್‌ನಲ್ಲಿ ಏನು ದೋಷ ಅಂತ ಹೇಳುವ ಜೆನೆಟಿಕ್ ರಿಪೋರ್ಟ್ ಬೇಕು. ಎಷ್ಟೋ ಸಲ ಕಾಯಿಲೆ ಇರುವ ಸಂಬಂಧಿಕರ ಡಿಎನ್‌ಎ ಸ್ಯಾಂಪಲ್ ಕೂಡ ಕೇಳುತ್ತಾರೆ. ಊರಿಗೆ ಹೋದಾಗಲೇ ಮಾವನ ಫೈಲ್ ಫೋಟೋ ತೆಗೆದಿಟ್ಟುಕೊಳ್ಳಿ.

ಖರ್ಚಿನ ಮಾತಿಗೆ ಬಂದರೆ ವೀಸಾ ಮುಖ್ಯ. ವೀಸಾ ಜೊತೆ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್‌ಚಾರ್ಜ್ ಕಟ್ಟಿದ್ದೇವೆ, ಎಲ್ಲ ಫ್ರೀ ಅಂತ ಅಂದುಕೊಳ್ಳಬೇಡಿ. ಇಂಗ್ಲೆಂಡ್‌ನಲ್ಲಿ 2017ರ ಆಗಸ್ಟ್‌ನಿಂದ ಸರ್‌ಚಾರ್ಜ್ ಕಟ್ಟುವವರಿಗೆ ಐವಿಎಫ್‌ನಂಥ ಚಿಕಿತ್ಸೆ ಉಚಿತವಲ್ಲ. ಇಂಡೆಫಿನಿಟ್ ಲೀವ್ (ಅವಧಿಯ ಮಿತಿಯಿಲ್ಲದೆ ಇರುವ ಅನುಮತಿ) ಸಿಕ್ಕಿ ಇಲ್ಲೇ ನೆಲೆಸಿದವರ ಲೆಕ್ಕ ಬೇರೆ. ಅವರಿಗೂ ವಯಸ್ಸಿನ ಮಿತಿಯಂಥ ಷರತ್ತುಗಳಿವೆ, ಹಾಗಾಗಿ ತಡಮಾಡಬೇಡಿ.

ಊರಿನಿಂದ ಹೊಸದಾಗಿ ಬಂದವರಿಗೆ ಸ್ಕ್ಯಾನ್ ರೂಮಿನಲ್ಲಿ ಆಶ್ಚರ್ಯ ಕಾದಿರುತ್ತದೆ. ಭಾರತದಲ್ಲಿ 1994ರ ಕಾಯ್ದೆಯಿಂದ ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಅಂತ ಬಾಯಿ ಬಿಡುವ ಹಾಗಿಲ್ಲ. ಇಲ್ಲಿ 20 ವಾರದ ಸ್ಕ್ಯಾನ್‌ನಲ್ಲಿ "ಗೊತ್ತಾಗಬೇಕಾ?" ಅಂತ ಅವರೇ ಕೇಳಬಹುದು. ಕೆಲವು ಆಸ್ಪತ್ರೆಗಳು ಹೇಳುವುದಿಲ್ಲ, ಕೆಲವೊಮ್ಮೆ ಮಗು ಮಲಗಿರುವ ರೀತಿಯಲ್ಲಿ ಕಾಣುವುದೂ ಇಲ್ಲ. ತಿಳಿದುಕೊಳ್ಳಲು ಅಡ್ಡಿಯಿಲ್ಲ. ಆದರೆ ಹೆಣ್ಣೆಂಬ ಒಂದೇ ಕಾರಣಕ್ಕೆ ಗರ್ಭಪಾತ ಮಾಡಿಸಲು ಇಲ್ಲಿನ 1967ರ ಗರ್ಭಪಾತ ಕಾಯ್ದೆಯಲ್ಲಿ ಜಾಗವಿಲ್ಲ.

ಅಮೆರಿಕಕ್ಕೋ ಉತ್ತರ ಸೈಪ್ರಸ್‌ಗೋ ಹೋಗಿ ಮಾಡಿಸಿಕೊಂಡು ಬರುವವರೂ ಇದ್ದಾರೆ. ಹಾಗೆ ಹೋಗುವುದನ್ನು ಬ್ರಿಟಿಷ್ ಕಾನೂನು ತಡೆಯುವುದಿಲ್ಲ. ನನಗಂತೂ ಅದು ಸರಿ ಕಾಣುವುದಿಲ್ಲ. ಲೆಕ್ಕವೂ ಒಪ್ಪುವಂಥದ್ದಲ್ಲ: ನಾಲ್ಕು ಒಳ್ಳೆಯ ಎಂಬ್ರಿಯೋ ಸಿಕ್ಕರೆ ಸರಾಸರಿ ಎರಡನ್ನು "ಬೇಡದ ಲಿಂಗ" ಅಂತ ಬದಿಗಿಡಬೇಕು, ಉಳಿದೆರಡೂ ನಿಲ್ಲುತ್ತವೆ ಅನ್ನುವ ಖಾತ್ರಿ ಇಲ್ಲ. ಅಲ್ಲಿ ಏನಾದರೂ ಎಡವಟ್ಟಾದರೆ ಎಚ್‌ಎಫ್‌ಇಎ ನಿಯಮ ಆ ಕ್ಲಿನಿಕ್‌ಗೆ ಅನ್ವಯಿಸುವುದಿಲ್ಲ. ದೂರು ಕೊಡಬೇಕೆಂದರೆ ಆ ದೇಶದಲ್ಲೇ ಓಡಾಡಬೇಕು.