ಕೃಷಿಹೊಂಡದ ನೀರು ಅಳೆಯಲು ನಾಯ್ಸ್ ಸೇರಿಸಿದೆ

ನವಲಗುಂದದ ಹತ್ತಿರ ನಮ್ಮ ಕಾಕಾನ ಹೊಲದಲ್ಲಿ ಕೃಷಿಹೊಂಡ ಇದೆ. "ನೀರು ಬಿಸಿಲಿಗೆ ಆರ್ತೈತೋ, ತಳಕ್ಕೆ ಇಂಗ್ತೈತೋ ನೋಡಿ ಹೇಳಪ್ಪಾ. ಇಂಗ್ತಿದ್ರ ಪ್ಲಾಸ್ಟಿಕ್ ಹಾಳಿ ಹಾಕಸ್ತೀನಿ" ಅಂದರು. ರಾತ್ರಿ ಆವಿಯಾಗುವುದು ಕಡಿಮೆ. ಹಾಗಾಗಿ ರಾತ್ರಿ ಎಷ್ಟು ಇಳಿಯುತ್ತದೆ ಅಂತ ಗೊತ್ತಾದರೆ ಇಂಗುವುದರ ಅಂದಾಜು ಸಿಗುತ್ತದೆ.

5 ಮೀಟರ್ ಆಳ ಅಳೆಯುವ ಒತ್ತಡದ ಸೆನ್ಸರ್ ಒಂದನ್ನು ತಳಕ್ಕೆ ಇಳಿಬಿಟ್ಟೆ. ಅದು 0.5ರಿಂದ 4.5 ವೋಲ್ಟ್ ಕೊಡುತ್ತದೆ. ಆರ್ಡುಯಿನೊ ಉನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ 5 ವೋಲ್ಟನ್ನು 1024 ಮೆಟ್ಟಿಲು ಮಾಡಿ ಓದುತ್ತದೆ. ಅಂದರೆ ಒಂದು ಮೆಟ್ಟಿಲಿಗೆ ಸುಮಾರು 6 ಮಿಲಿಮೀಟರ್ ನೀರು. ಬೇಸಿಗೆಯಲ್ಲಿ ಇಡೀ ದಿನಕ್ಕೆ ಆವಿಯಾಗುವುದೇ ಹೆಚ್ಚೂಕಡಿಮೆ ಅಷ್ಟು!

ಬೋರ್ಡ್ ಓದುವ ಅಂಕಿ 412ರಲ್ಲೇ ಕೂತಿತ್ತು. ಎಷ್ಟು ಸಲ ಓದಿ ಸರಾಸರಿ ತೆಗೆದರೂ 412. ಮೇಲೆ ಗಾಳಿಗೆ ಸಣ್ಣ ಅಲೆ ಎದ್ದರೂ ತಳದ ಸೆನ್ಸರ್‌ಗೆ ಅದು ಮುಟ್ಟುವುದಿಲ್ಲ. ಸಿಗ್ನಲ್ ಅಷ್ಟೊಂದು ಶಾಂತವಾಗಿದ್ದದ್ದೇ ತೊಡಕು. ನಿಜವಾದ ಮಟ್ಟ 412.3 ಇದ್ದರೂ ಓದುವುದು 412 ಅಂತಲೇ ಅಲ್ವಾ? ಅದಕ್ಕೆ ಒಂದು ಮೆಟ್ಟಿಲಿನಷ್ಟು ಏರಿಳಿತವನ್ನು, ಅಂದರೆ ನಾಯ್ಸನ್ನು, ನಾವೇ ಬೆರೆಸಿದರೆ ಹತ್ತರಲ್ಲಿ ಏಳು ಸಲ 412, ಮೂರು ಸಲ 413 ಬರುತ್ತದೆ. ಸರಾಸರಿ 412.3. ಇದಕ್ಕೆ ಡಿದರ್ ಅನ್ನುತ್ತಾರೆ. ನನಗೆ ಇಡೀ ಸಿಗ್ನಲ್ ಪ್ರೊಸೆಸಿಂಗ್‌ನಲ್ಲಿ ಇದಕ್ಕಿಂತ ಚೆಂದದ ವಿಷಯ ಕಂಡಿಲ್ಲ.

ಮಾಡಿದ್ದು ಹೀಗೆ. ಸೆನ್ಸರ್ ಮತ್ತು ಬೋರ್ಡಿನ ಅನಲಾಗ್ ಪಿನ್ (ವೋಲ್ಟೇಜ್ ಓದುವ ಪಿನ್) ನಡುವೆ 1 ಕಿಲೋ ಓಮ್ ರೆಸಿಸ್ಟರ್. ಬೇಗಬೇಗ ಆನ್-ಆಫ್ ಆಗಿ ಸರಾಸರಿ ವೋಲ್ಟೇಜ್ ಬದಲಿಸುವ ಪಿಡಬ್ಲ್ಯುಎಂ ಪಿನ್ನಿನ ವೋಲ್ಟೇಜನ್ನು ಕೆಪಾಸಿಟರ್‌ನಿಂದ ನಯ ಮಾಡಿ, 1 ಮೆಗಾ ಓಮ್ ಮೂಲಕ ಅದೇ ಅನಲಾಗ್ ಪಿನ್‌ಗೆ ಕೊಟ್ಟೆ. ಈ ಎರಡು ರೆಸಿಸ್ಟರ್‌ಗಳಿಂದಾಗಿ ಪಿನ್‌ಗೆ ಸೇರುವುದು ಹೆಚ್ಚೆಂದರೆ 5 ವೋಲ್ಟಿನ ಸಾವಿರದಲ್ಲೊಂದು ಪಾಲು, 5 ಮಿಲಿವೋಲ್ಟ್, ಹೆಚ್ಚೂಕಡಿಮೆ ಒಂದು ಮೆಟ್ಟಿಲು. ಅದನ್ನು 16 ಹಂತಗಳಲ್ಲಿ ಏರಿಸುತ್ತಾ, ಪ್ರತಿ ಹಂತದಲ್ಲೂ ಸ್ವಲ್ಪ ತಡೆದು 16 ಸಲ ಓದಿಸಿದೆ. ಈಗ ಅರ್ಧ ಮಿಲಿಮೀಟರ್‌ಗಿಂತ ಸಣ್ಣ ಬದಲಾವಣೆಯೂ ಕಾಣುತ್ತದೆ.

ಸರಾಸರಿಗೆ ಬಗ್ಗದ್ದೂ ಒಂದಿದೆ, ಗಾಳಿಯ ಒತ್ತಡ. ಅದು ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ. ಮುಚ್ಚಿದ ಸೆನ್ಸರ್ ಅದನ್ನೂ ನೀರು ಅಂತಲೇ ತೋರಿಸುತ್ತದೆ, ಅದೂ ಸೆಂಟಿಮೀಟರ್ ಲೆಕ್ಕದಲ್ಲಿ. ಕೇಬಲ್ ಒಳಗೆ ಗಾಳಿ ಕೊಳವೆ ಇರುವ ಸೆನ್ಸರನ್ನೇ ತಗೊಳ್ಳಿ. ಕೊಳವೆಯ ಬಾಯಿಗೆ ಸಿಲಿಕಾ ಜೆಲ್ ಇಟ್ಟು ಒಣಗಿರಿಸಿ.

ರಾತ್ರಿಯ ಇಳಿತ ಒಂದು ಮಿಲಿಮೀಟರ್ ಕೂಡ ದಾಟಲಿಲ್ಲ. ಎರಿ ಮಣ್ಣು ನೀರು ಹಿಡಿದಿಟ್ಟಿತ್ತು. ಕಾಕಾ ಹಾಳಿಯ ವಿಚಾರ ಬಿಟ್ಟು, ಹೊಂಡಕ್ಕೆ ನೆರಳು ಬಲೆ ಕಟ್ಟಲು ಎಷ್ಟಾಗುತ್ತದೆ ಅಂತ ವಿಚಾರಿಸುತ್ತಿದ್ದಾರೆ.